ಹೊಸ ಮೂಗು, ಹಳೇ ವ್ಯಾಪಾರ

ಆಪರೇಷನ್ ಆಗಿ ಬಂದ ಮೇಲೆ ನನ್ನ ಹತ್ತಿರ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ, ಅಂಗಡಿಯವಳಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು ಎನ್ನುತ್ತಾರೆ. ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಮಾತ್ರ ಅದರ ಸಂಕಟ ಗೊತ್ತು.

ಶಿಕಾರಿಪುರದಲ್ಲಿ ನಮ್ಮದು ಜವಳಿ ಅಂಗಡಿ. ಮಾವನವರು ಹಾಕಿದ್ದು. ಷರಟು, ಪ್ಯಾಂಟು, ಪಂಚೆಯ ಕಡೆ ನಮ್ಮ ಯಜಮಾನರು. ಸೀರೆಯ ಕಡೆ ನಾನು. ಇಪ್ಪತ್ತು ವರ್ಷದ ಮೇಲಾಯಿತು. ಸೀರೆ ಬಿಚ್ಚಿ, ಸೆರಗನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು, ನೆರಿಗೆಯನ್ನು ಸೊಂಟದ ಹತ್ತಿರ ಹಿಡಿದು, ಎದುರಿನ ನಿಲುವುಗನ್ನಡಿಯ ಕಡೆ ತಿರುಗಿ ನಿಲ್ಲುವುದು ನನ್ನ ಕೆಲಸ. ಕೊಳ್ಳಲು ಬಂದ ಹೆಂಗಸರು ನನ್ನನ್ನು ನೋಡುತ್ತ ತಮ್ಮನ್ನು ನೋಡಿಕೊಳ್ಳುತ್ತಾರೆ. ಆಮೇಲೆ ರೇಟು ಕೇಳುತ್ತಾರೆ, ಮುಖ ಸಿಂಡರಿಸುತ್ತಾರೆ, ಎದ್ದು ಚಪ್ಪಲಿ ಮೆಟ್ಟುತ್ತಾರೆ, ಮೆಟ್ಟಿಲಿನವರೆಗೆ ಹೋಗಿ ಮತ್ತೆ ಬಂದು ಕೂರುತ್ತಾರೆ. ಅದಕ್ಕೇ ವ್ಯಾಪಾರ ಅನ್ನುವುದು.

ಆಪರೇಷನ್ ಆದ ಮೇಲೆ ಅವರು ಸೀರೆ ನೋಡುವುದನ್ನು ಬಿಟ್ಟರು. ಮೂಗು ನೋಡುವರು, ನೋಡಿದ್ದು ನನಗೆ ತಿಳಿಯಿತೆಂದು ಗೊತ್ತಾದ ಕೂಡಲೇ ಕಣ್ಣು ಕೆಳಗಿಳಿಸುವರು, ನಾನು ಹೇಳಿದ ರೇಟಿಗೆ ಹೂಂ ಎಂದು ಕೊಟ್ಟು ಹೊರಡುವರು. ಕನಿಕರಕ್ಕೆ ಕೊಂಡ ಸೀರೆಯನ್ನು ಯಾರೂ ಸಂತೋಷದಿಂದ ಉಡುವುದಿಲ್ಲ. ಅಂಥವರು ಮುಂದಿನ ಸಲ ಆ ಅಂಗಡಿಯ ಬೀದಿಗೇ ಬರುವುದಿಲ್ಲ. ಒಂದು ತಿಂಗಳು ನೋಡಿ, ನಾನಾಗಿಯೇ ಎದ್ದು ಒಳಗಿನ ಕೋಣೆಗೆ ಹೋದೆ. ಫಾಲ್ಸ್ ಹೊಲಿಯುವುದು, ಬ್ಲೌಸ್ ಪೀಸು ಕತ್ತರಿಸುವುದು, ಚಹಾ ಕಳಿಸುವುದು. ನನ್ನ ಗಾದಿಗೆ ಯಜಮಾನರು ಬಂದರು.

ಇಷ್ಟಕ್ಕೆಲ್ಲ ಮೂಲ ಒಂದು ಮೂಗುತಿ ಎಂದು ನಾನು ಎರಡು ವರ್ಷ ನಂಬಿದ್ದೆ.

ಎಡಮೂಗಿನಲ್ಲಿ, ಮೂಗುತಿಯ ಪಕ್ಕದಲ್ಲೇ, ಸಾಬೂದಾಣಿ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಹೊಳೆಯುತ್ತಿತ್ತು, ನೋವಿರಲಿಲ್ಲ. ಕೆಲವು ದಿನಕ್ಕೆ ಹಕ್ಕಳೆ ಕಟ್ಟುವುದು, ಮುಖ ತೊಳೆಯುವಾಗ ಹಕ್ಕಳೆ ಬೀಳುವುದು, ಒಂದು ಹನಿ ರಕ್ತ, ಮತ್ತೆ ಹಕ್ಕಳೆ. ನಮ್ಮಲ್ಲಿ ಮೂಗುತಿಯ ಹತ್ತಿರ ಹುಣ್ಣಾದರೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ಅಕ್ಕಸಾಲಿಯ ಹತ್ತಿರ ಹೋಗುತ್ತೇವೆ. ಚಿನ್ನಕ್ಕೆ ತಾಮ್ರ ಜಾಸ್ತಿ ಸೇರಿದೆ, ಮೈಗೆ ಒಗ್ಗಿಲ್ಲ ಎಂದು ಜಗಳ ತೆಗೆಯುತ್ತೇವೆ. ನಾನೂ ತೆಗೆದೆ. ನಮ್ಮ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ ಕೂರುವ ಆ ಮನುಷ್ಯ ಪಾಪ, ಒಂದಲ್ಲ, ಮೂರು ಸಲ ಮೂಗುತಿ ಬದಲಾಯಿಸಿ ಕೊಟ್ಟ. ಒಂದಕ್ಕಿಂತ ಒಂದು ಅಪ್ಪಟ. ಗುಳ್ಳೆ ಮಾತ್ರ ಕಡಲೆಬೇಳೆಯಷ್ಟಾಗಿ, ನಡುವೆ ಕುಳಿ ಬಿದ್ದು, ಅಂಚು ಮುತ್ತಿನ ಹಾಗೆ ಎದ್ದು ನಿಂತಿತು. ನಾಲ್ಕನೆಯ ಸಲ ಹೋದಾಗ ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಭೂತಗನ್ನಡಿಯಿಂದ ಮೂಗುತಿಯನ್ನು ನೋಡಲಿಲ್ಲ, ನನ್ನ ಮೂಗನ್ನು ನೋಡಿದ.

"ಅಕ್ಕಾರೆ, ಇಷ್ಟೆಲ್ಲ ಮಾಡೋ ಶಕ್ತಿ ಬಂಗಾರಕ್ಕಿಲ್ಲ. ಇದು ನನ್ನ ಕೆಲಸ ಅಲ್ಲ, ಡಾಕ್ಟರ ಕೆಲಸ ಐತಿ. ಇವತ್ತೇ ಹೋಗ್ರಿ," ಎಂದ.

ಶಿವಮೊಗ್ಗದ ಚರ್ಮದ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ನಿಧಾನಕ್ಕೆ ಬೆಳೆಯುವ ಜಾತಿ, ಬೇರೆ ಕಡೆ ಹರಡುವುದು ಬಹಳ ಅಪರೂಪ, ಆದರೆ ಇದ್ದ ಜಾಗವನ್ನು ತಿನ್ನುತ್ತ ಹೋಗುತ್ತದೆ, ಪೂರ್ತಿ ತೆಗೆದರೆ ಮುಗಿಯಿತು ಎಂದರು. ನಾನು ಕೇಳಿದ ಮೊದಲ ಪ್ರಶ್ನೆ, ಮೂಗುತಿ ಮತ್ತೆ ಯಾವಾಗ ಹಾಕಿಕೊಳ್ಳಬಹುದು ಎಂದು. ಆ ಜಾಗವೇ ಇರುವುದಿಲ್ಲ ಅಮ್ಮ ಎಂದರು ಡಾಕ್ಟರು.

ದೊಡ್ಡಾಸ್ಪತ್ರೆಯಲ್ಲಿ ಎಡಮೂಗಿನ ಹೊಳ್ಳೆಯನ್ನು ಮುಕ್ಕಾಲು ಭಾಗ ತೆಗೆದರು. ಅಲ್ಲಿಗೆ ನನ್ನ ಹಣೆಯ ಚರ್ಮವನ್ನೇ ಒಂದು ಪಟ್ಟಿಯಾಗಿ ಬಿಡಿಸಿ, ಹುಬ್ಬಿನ ಹತ್ತಿರ ಬುಡ ಬಿಟ್ಟು, ತಿರುಗಿಸಿ ಮೂಗಿಗೆ ಹೊಲಿದರು. ರಕ್ತ ಓಡಾಡಲಿ ಎಂದು ಮೂರು ವಾರ ಹಾಗೇ ಬಿಡಬೇಕು. ಆ ಮೂರು ವಾರ ಹುಬ್ಬಿನಿಂದ ಮೂಗಿನವರೆಗೆ ನನಗೊಂದು ಸಣ್ಣ ಸೊಂಡಿಲು ಇತ್ತು. ಹೊಸ ಮೂಗಿನ ಮೇಲೆ ನೊಣ ಕೂತರೆ ಹಣೆ ತುರಿಸುತ್ತಿತ್ತು. ಹಣೆಯ ನರ ಇನ್ನೂ ತಾನು ಹಣೆಯಲ್ಲೇ ಇದ್ದೇನೆ ಎಂದುಕೊಂಡಿತ್ತು. ಇದು ಎಷ್ಟು ವಿಚಿತ್ರವಾಗಿತ್ತೆಂದರೆ ನಾನು ಹತ್ತಿಯ ಎಳೆಯಿಂದ ಮೂಗು ಸವರಿ ಸವರಿ ನೋಡುತ್ತಿದ್ದೆ. ಪಕ್ಕದ ಹಾಸಿಗೆಯವರಿಗೂ ಹೇಳಿದೆ. ಅವರು ಪ್ರತಿದಿನ ಬೆಳಿಗ್ಗೆ ಕೈ ಮುಗಿದು, ಗಣಪ್ಪ, ಇವತ್ತು ಡಿಸ್ಚಾರ್ಜ್ ಮಾಡಿಸಪ್ಪ ಎಂದು ನನ್ನನ್ನೇ ಬೇಡುತ್ತಿದ್ದರು. ಮೂರು ವಾರಕ್ಕೆ ಸೊಂಡಿಲು ಕತ್ತರಿಸಿದರು. ಹಣೆಯಲ್ಲಿ ಒಂದು ಉದ್ದಗೆರೆ ಉಳಿಯಿತು. ವಿಭೂತಿಯ ಮೂರು ಅಡ್ಡಗೆರೆಯನ್ನು ಅದರ ಮೇಲೆಯೇ ಹಚ್ಚುತ್ತೇನೆ. ಮೂಗಿನ ಎಡಭಾಗ ಸ್ವಲ್ಪ ದಪ್ಪ, ಬಣ್ಣ ಸ್ವಲ್ಪ ಬೇರೆ, ಸುತ್ತ ಹೊಲಿಗೆಯ ಗುರುತು. ಅಂಚಿನವರೆಗೂ ಎಲ್ಲ ಶುದ್ಧವಾಗಿದೆ, ಏನೂ ಉಳಿದಿಲ್ಲ ಎಂದು ಲ್ಯಾಬಿನ ಚೀಟಿ ಬಂದ ದಿನ ಮನೆಯವರೆಲ್ಲ ಹೋಳಿಗೆ ತಿಂದೆವು.

ರೋಗ ಹೋಯಿತು. ದಿನಗಳನ್ನು ಕಳೆಯುವುದು ಬೇರೆ ವಿಷಯ. ನೆಗಡಿಯಾದರೆ ಎಡಗಡೆ ಸೋರುವುದು ತಿಳಿಯುತ್ತಿರಲಿಲ್ಲ, ಎದುರಿನವರ ಮುಖ ನೋಡಿ ಕರವಸ್ತ್ರ ತೆಗೆಯುತ್ತಿದ್ದೆ. ಕನ್ನಡಕ ಒಂದು ಪಕ್ಕಕ್ಕೆ ವಾಲುತ್ತಿತ್ತು. ಬಿಸಿಲಿಗೆ ಹೋಗುವ ಮೊದಲು ಕ್ರೀಮು, ಮೇಲೆ ಛತ್ರಿ. ಬೆಳಿಗ್ಗೆ ಸಂಜೆ ಗುರುತಿನ ಮೇಲೆ ಬೆರಳಿಂದ ಒತ್ತಿ ಒತ್ತಿ ತಿಕ್ಕಬೇಕು. ಇದೆಲ್ಲ ಅಭ್ಯಾಸವಾಯಿತು. ಗಾದಿ ಬಿಟ್ಟಿದ್ದು ಮಾತ್ರ ಅಭ್ಯಾಸವಾಗಲಿಲ್ಲ.

ಯಜಮಾನರು ಸೀರೆ ಮಾರುವುದನ್ನು ಒಳಗಿನ ಕೋಣೆಯ ಪರದೆಯ ಸಂದಿಯಿಂದ ನೋಡುವುದು ಒಂದು ಶಿಕ್ಷೆ. ಮೀಸೆಯ ಕೆಳಗೆ ಗುಲಾಬಿ ಸೆರಗು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವರು. ಅಂಚನ್ನು ಮೇಲೆ ಹಿಡಿಯಬೇಕೋ ಕೆಳಗೆ ಹಿಡಿಯಬೇಕೋ ತಿಳಿಯದು. ಕನಕಾಂಬರದ ಬಣ್ಣಕ್ಕೆ ಆರೆಂಜ್ ಎನ್ನುವರು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುವರು. ಯಜಮಾನರು ಒಂದು ದಿನವೂ ನನ್ನನ್ನು ಹೊರಗೆ ಬಾ ಎನ್ನಲಿಲ್ಲ, ಒಳಗೇ ಇರು ಎಂದೂ ಅನ್ನಲಿಲ್ಲ. ಆ ಸುಮ್ಮನಿರುವಿಕೆ ನನ್ನನ್ನು ಇನ್ನೂ ಒಳಗೆ ತಳ್ಳುತ್ತಿತ್ತು.

ಆರು ತಿಂಗಳ ತಪಾಸಣೆಗೆಂದು ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿ ಓದುತ್ತಿದ್ದ ಒಬ್ಬ ಡಾಕ್ಟರಮ್ಮ ಒಂದು ಫಾರಂ ಹಿಡಿದು ಬಂದಳು. ಮುಖದ ಆಪರೇಷನ್ ಆದವರು ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯುವುದಕ್ಕಂತೆ. ನಿದ್ದೆ ಬರುತ್ತದೆಯೇ, ಮದುವೆ ಮುಂಜಿಗೆ ಹೋಗುತ್ತೀರಾ, ಫೋಟೊ ತೆಗೆಸಿಕೊಳ್ಳುತ್ತೀರಾ, ಗುರುತು ನೋಡಿ ಬೇಸರವಾಗುತ್ತದೆಯೇ. ಪ್ರತಿಯೊಂದಕ್ಕೂ ಮೂರು ಉತ್ತರ: ಇಲ್ಲವೇ ಇಲ್ಲ, ಸ್ವಲ್ಪ, ತುಂಬಾ. ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಟಕಟಕ ಹೇಳುತ್ತ ಹೋದೆ. ಕೊನೆಯಲ್ಲಿ ಕೇಳಿದಳು: "ಮುಖದ ಕಾರಣಕ್ಕೆ ಮೊದಲು ಮಾಡ್ತಿದ್ದ ಯಾವುದಾದ್ರೂ ಕೆಲಸ ಬಿಟ್ಟಿದೀರಾ ಅಮ್ಮ?"

"ಇಲ್ಲವೇ ಇಲ್ಲ," ಎಂದೆ. ಅವಳು ಗುರುತು ಹಾಕಿಕೊಂಡು ಥ್ಯಾಂಕ್ಸ್ ಎಂದಳು.

ಬಸ್ಸಿನಲ್ಲಿ ಬರುವಾಗ ಆ ಸುಳ್ಳು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗಿತ್ತು ಎನ್ನೋಣವೆಂದರೆ ನಾವು ಮೀನು ತಿನ್ನುವವರಲ್ಲ. ಹಲ್ಲಿನ ಸಂದಿಯ ಅಡಿಕೆ ಚೂರು ಎಂದರೆ ಸರಿ. ನಾಲಗೆ ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು. ಶಿಕಾರಿಪುರ ಮುಟ್ಟುವ ಮೊದಲು, ಪಕ್ಕದಲ್ಲಿ ಕೂತಿದ್ದ ಯಜಮಾನರಿಗೆ ಹೇಳಿದೆ, ಸೊರಬದವರು ಫೋನ್ ಮಾಡಿದ್ದರಲ್ಲ, ಅಲ್ಲಿಗೆ ಸೀರೆ ತೆಗೆದುಕೊಂಡು ನಾನು ಹೋಗುತ್ತೇನೆ ಎಂದು.

ಆ ಮನೆ ನಮ್ಮ ಹಳೆಯ ಗಿರಾಕಿ. ಮದುವೆ ಜವಳಿಗೆ ಇಡೀ ದಂಡು ನಮ್ಮಲ್ಲಿಗೇ ಬರುವುದು ಮೊದಲಿಂದ ಪದ್ಧತಿ. ಈ ಸಲ ಮೊಮ್ಮಗಳ ಮದುವೆಯ ಹೊತ್ತಿಗೆ ಆ ಮನೆಯ ಅಜ್ಜಿ ಜಾರಿ ಬಿದ್ದು ಸೊಂಟ ನೋವು ಮಾಡಿಕೊಂಡಿದ್ದರು. ಅಜ್ಜಿ ಕಣ್ಣಿಗೆ ಬೀಳದೆ ಧಾರೆ ಸೀರೆ ಆರಿಸುವ ಹಾಗಿಲ್ಲ. ಆದ್ದರಿಂದ ಸೀರೆಗಳೇ ಅಲ್ಲಿಗೆ ಬರಲಿ ಎಂದಿದ್ದರು.

ಯಜಮಾನರು ನನ್ನ ಮುಖ ನೋಡಿದರು. "ನಾನೂ ಬರ್ಲೇನು?" ಎಂದರು.

"ಬ್ಯಾಡ್ರಿ. ನೀವು ಬಂದ್ರೆ ಅಜ್ಜಿ ನಿಮ್ಗೇ ಸೀರೆ ಉಡಿಸ್ತಾರೆ," ಎಂದೆ.

ಹೊರಡುವ ದಿನ ಬೆಳಿಗ್ಗೆ ನನಗೆ ಆದ ಸಂಭ್ರಮ ಮದುವೆ ಹೆಣ್ಣಿಗೂ ಆಗಿರಲಿಕ್ಕಿಲ್ಲ. ನಾಲ್ಕು ಬಾರಿ ಸೀರೆ ಜೋಡಿಸಿದೆ, ನಾಲ್ಕು ಬಾರಿ ಬಿಚ್ಚಿದೆ. ಕೆಂಪು ಮೇಲೋ ಹಸಿರು ಮೇಲೋ? ಮೊದಲು ಏನು ತೋರಿಸಬೇಕು, ಕೊನೆಗೆ ಏನು ಉಳಿಸಬೇಕು ಎನ್ನುವ ಲೆಕ್ಕ ಕೈಗೆ ತಾನಾಗಿಯೇ ಬರುತ್ತಿತ್ತು. ಎರಡು ಗಂಟು ಕಟ್ಟಿದೆವು. ಯಜಮಾನರು ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ನಾಲ್ಕು ಸಲ ಹೇಳಿ, ಬಸ್ಸು ಹೊರಟ ಮೇಲೂ ಕೈ ಎತ್ತಿಕೊಂಡೇ ನಿಂತಿದ್ದರು. ಆಪರೇಷನ್ ಆದ ಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಳ್ಳದೆ ನಾನು ಅಷ್ಟು ದೂರ ಹೋದದ್ದು ಅದೇ ಮೊದಲು. ಶಿರಾಳಕೊಪ್ಪದಲ್ಲಿ ಹತ್ತಿದ ಒಬ್ಬಳ ಮಗು ಸೊರಬದವರೆಗೂ ನನ್ನ ಮೂಗನ್ನೇ ನೋಡಿತು. ನಾನೂ ಅದರ ಮೂಗನ್ನೇ ನೋಡಿದೆ. ಅದಕ್ಕೂ ಸೋರುತ್ತಿತ್ತು.

ಆ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮಂಚದ ಮೇಲೆ ದಿಂಬಿಗೆ ಒರಗಿ ಅಜ್ಜಿ. ಕೆಳಗೆ ಮದುಮಗಳು, ಅವಳ ತಾಯಿ, ಸೋದರತ್ತೆ. ನಾನು ಗಂಟು ಇಳಿಸಿ ಕೂರುವಷ್ಟರಲ್ಲಿ ಎಲ್ಲರ ಕಣ್ಣೂ ಮೂಗಿಗೆ ಬಂದು ಜಾರಿಹೋದವು. ನೀರು ಕೊಟ್ಟರು, ಬೆಲ್ಲ ಕೊಟ್ಟರು, ಬಸ್ಸು ರಶ್ಶಿತ್ತಾ ಎಂದು ಕೇಳಿದರು. ಇಲ್ಲೂ ಶಿಕಾರಿಪುರದ ಹಾಗೇ ಆಯಿತು ಎಂದುಕೊಂಡೆ.

ಅಜ್ಜಿ ಮಾತ್ರ ಕಣ್ಣು ಜಾರಿಸಲಿಲ್ಲ. "ಮೂಗಿಗೆ ಎಂತ ಆಯ್ತು ತಂಗಿ?" ಎಂದರು.

ಆಪರೇಷನ್ ಆದಂದಿನಿಂದ ಮನೆಯ ಹೊರಗಿನವರು ಯಾರೂ ಹೀಗೆ ನೇರ ಕೇಳಿರಲಿಲ್ಲ. ನಾನು ಎಲ್ಲ ಹೇಳಿದೆ. ಅಕ್ಕಸಾಲಿಯ ಜಗಳ, ಸೊಂಡಿಲು, ನೊಣ, ಯಾವುದನ್ನೂ ಬಿಡಲಿಲ್ಲ. ಮದುಮಗಳು ಬಾಯಿ ತೆರೆದುಕೊಂಡು ಕೇಳಿಸಿಕೊಂಡಳು. ಇದು ಅಂಟುತ್ತದೆಯೇ ಎಂದು ತಾಯಿ ಕೇಳಿದರು, ಇಲ್ಲ ಎಂದೆ. ಅಜ್ಜಿ ತಲೆಯಾಡಿಸಿದರು. ಅವರ ತವರು ಕ್ಯಾಸನೂರು. ಮಂಗನ ಕಾಯಿಲೆ ಎನ್ನುವ ಕಾಡಿನ ಜ್ವರಕ್ಕೆ ತಮ್ಮೂರಿನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ, ತಾವು ಮದುವೆಯಾಗಿ ಬಂದ ಹೊಸದರಲ್ಲಿ ಊರ ಹೆಸರು ಹೇಳಿದರೆ ನೆಂಟರು ಕೂತಲ್ಲೇ ಒಂದು ಗೇಣು ಹಿಂದೆ ಸರಿಯುತ್ತಿದ್ದರು ಎಂದು ಹೇಳಿ, "ಸರಿದ್ರೆ ಸರೀಲಿ, ನಂಗೆ ಜಾಗ ಜಾಸ್ತಿ ಆಗ್ತಿತ್ತು. ಹೂಂ, ಆ ಕೆಂಪು ಬಿಚ್ಚು," ಎಂದರು.

ಕೆಂಪು ಧಾರೆ ಸೀರೆ ಬಿಚ್ಚಿದೆ. ಪಡಸಾಲೆಗೇ ಬೆಳಕು ಬಂದ ಹಾಗಾಯಿತು. ಕೈಯಲ್ಲಿ ಸೆರಗು ಹಿಡಿದು ಎದ್ದು ನಿಂತೆ. ಅಭ್ಯಾಸದಂತೆ ಹೆಗಲ ಮೇಲೆ ಹಾಕಿಕೊಳ್ಳಬೇಕು.

ಆಗ ಸೋದರತ್ತೆ ಗಂಟಲು ಸರಿ ಮಾಡಿಕೊಂಡರು. ಧಾರೆ ಸೀರೆಯನ್ನು ಮೊದಲು ಮೈಮೇಲೆ ಹಾಕಿಕೊಳ್ಳುವವಳು ಅರಿಸಿನ, ಕುಂಕುಮ, ಬಳೆ, ಕಾಲುಂಗುರ, ಮೂಗುತಿ ಎಲ್ಲ ಇರುವ ಮುತ್ತೈದೆಯಾಗಿರಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಎಷ್ಟು ವರ್ಷ ನಾನೇ ಆ ಮುತ್ತೈದೆ. ಜವಳಿಗೆ ಬಂದವರು ನನ್ನ ಮೂಗುತಿಯ ಹೊಳಪು ನೋಡಿಯೇ, ಮೊದಲು ನೀವು ಹಾಕ್ಕೊಳ್ಳಿ ಎನ್ನುತ್ತಿದ್ದರು.

"ತಪ್ಪು ತಿಳ್ಕೋಬೇಡಿ," ಎಂದರು ಸೋದರತ್ತೆ, "ಈ ಒಂದು ಸೀರೆ ಬೇರೆ ಯಾರ ಮೈಮೇಲಾದ್ರೂ ಹಾಕಿ ನೋಡೋಣ ಅಲ್ದಾ?"

ಮದುಮಗಳ ತಾಯಿ ನೆಲ ನೋಡಿದರು. ಅಜ್ಜಿ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅಜ್ಜಿ ಹೇಳಲಿಲ್ಲ, ಅವರದೂ ಅದೇ ನಂಬಿಕೆ ಇರಬಹುದು. ಗಂಟು ಕಟ್ಟಿ ಹೊರಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕೈಯಲ್ಲಿ ಸೀರೆ ಇತ್ತು. ಕೈಯಲ್ಲಿ ಸೀರೆ ಇರುವಾಗ ನನಗೆ ಅಳು ಬರುವುದಿಲ್ಲ.

"ನೀವೇ ಹಾಕ್ಕೊಳ್ರಿ ಅಕ್ಕಾರೆ. ನಿಮಗಿಂತ ಮುತ್ತೈದೆ ಬೇಕೇನು," ಎಂದು ಅವರನ್ನೇ ಎಬ್ಬಿಸಿದೆ. ಅವರ ಮೂಗಿನಲ್ಲಿ ಎಂಟು ಹರಳಿನ ಮೂಗುತಿ ಇತ್ತು. ಸೆರಗನ್ನು ಹೆಗಲಿಗೆ ಹಾಕಿದೆ. ಅವರು ಕುಳ್ಳು, ಅಂಚು ನೆಲ ಗುಡಿಸಿತು. ಮಡಚಿ ಎತ್ತಿದೆ. ಸೆರಗಿನ ಜರಿ ಹೂವು ಎದೆಗೆ ಬರುವ ಬದಲು ಮೊಣಕೈಗೆ ಬಂತು. ಸರಿಪಡಿಸಿದೆ. ನೆರಿಗೆಯನ್ನು ಎಲ್ಲಿ ಹಿಡಿಯಬೇಕು, ಜರಿ ಬೆಳಕಿಗೆ ಹೇಗೆ ತಿರುಗಬೇಕು, ಈ ಕೆಂಪಿಗೆ ಯಾವ ಬ್ಲೌಸು, ಹೊಲಿಸುವಾಗ ಅಂಚು ಎಷ್ಟು ಬಿಡಬೇಕು ಎಂದು ಬಾಯಿ ತಾನೇ ಓಡತೊಡಗಿತು. ಇಷ್ಟು ತಿಂಗಳು ಪರದೆಯ ಹಿಂದೆ ಕೂಡಿಟ್ಟ ಮಾತೆಲ್ಲ ಹೊರಗೆ ಬಂತು. ಒಂದರ ಹಿಂದೆ ಒಂದು, ಎಂಟು ಸೀರೆ ಅವರ ಮೈಮೇಲೆ ಹಾಕಿ ತೆಗೆದೆ. ಸೋದರತ್ತೆ ಬೆವರಿಹೋದರು. ಆದರೆ ಗೋಡೆಯ ಬೀರುವಿನ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುವುದನ್ನೂ ಬಿಡಲಿಲ್ಲ. ಕಡುನೀಲಿ ಬಂದಾಗ ಇದು ಮದುಮಗಳಿಗೆ ಬೇಡ, ವಯಸ್ಸಾದಂಗೆ ಕಾಣ್ತದೆ ಎಂದು ಪಕ್ಕಕ್ಕಿಟ್ಟುಕೊಂಡರು. ಯಾರಿಗೆಂದು ನನಗೆ ತಿಳಿಯಿತು.

ಕೊನೆಗೆ ಆರಿಸುವುದಕ್ಕೆ ಮೂರು ಧಾರೆ ಸೀರೆ ಉಳಿದವು. ಮದುಮಗಳು ಅಷ್ಟು ಹೊತ್ತಿಗೆ ಮೊದಲ ಬಾರಿ ಬಾಯಿ ಬಿಟ್ಟಳು. "ಅತ್ತೆ ಮೇಲೆ ನಂಗೆ ಅಂದಾಜೇ ಸಿಕ್ತಾ ಇಲ್ಲ. ನೀವು ನನ್ನಷ್ಟೇ ಎತ್ತರ ಇದ್ದೀರಿ. ನೀವು ಹಾಕ್ಕೊಂಡು ತೋರ್ಸಿ ಆಂಟಿ."

ಸೋದರತ್ತೆಯ ಕಡೆ ನೋಡಿದೆ. ಅವರು ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೊದಲು ತಾವೇ ಹಾಕಿಕೊಂಡಾಯಿತಲ್ಲ, ಇನ್ನು ಯಾರು ಹಾಕಿಕೊಂಡರೂ ಅಡ್ಡಿಯಿಲ್ಲ ಎಂದರು. ನಾನು ಕೆಂಪನ್ನು ಹೆಗಲಿಗೆ ಹಾಕಿಕೊಂಡು ಬೀರುವಿನ ಕನ್ನಡಿಗೆ ತಿರುಗಿದೆ. ಅಂಚು ಸರಿಯಾಗಿ ಕೂತಿತ್ತು. ಜರಿ ಸರಿಯಾಗಿ ಬಿದ್ದಿತ್ತು. ಮದುಮಗಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ತನ್ನ ಹೆಗಲನ್ನು ಮುಟ್ಟಿಕೊಂಡಳು. ಆ ಮುಟ್ಟಿಕೊಳ್ಳುವುದು ನನಗೆ ಗೊತ್ತು. ಅದಾದರೆ ಸೀರೆ ಹೋದ ಹಾಗೆ.

ಇನ್ನು ರೇಟು. ಹೇಳಿದೆ. ಹೂಂ ಎಂದುಬಿಡುತ್ತಾರೇನೋ ಎಂದು ಸೋದರತ್ತೆಯ ಬಾಯಿಯನ್ನೇ ನೋಡಿದೆ.

ಸೋದರತ್ತೆ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂಗು ಇಳಿದ್ರೂ ನಿಮ್ಮ ರೇಟು ಇಳೀಲಿಲ್ವಲ್ಲ ಮಾರಾಯ್ತಿ," ಎಂದರು.

ಮದುಮಗಳು ಅತ್ತೆಯ ತೊಡೆ ಚಿವುಟಿದಳು. ನನಗೆ ಎಲ್ಲಿಂದಲೋ ನಗು ಬಂತು. ಹೊಲಿಗೆಯ ಜಾಗ ಬಿಗಿದು ಹಿಡಿಯುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಮೂಗು ಎಡಗಡೆ ಸೋರಿತು, ಒರೆಸಿಕೊಂಡೆ. ಅಜ್ಜಿ ಸೊಂಟ ಹಿಡಿದುಕೊಂಡು ನಕ್ಕರು.

ಆಮೇಲೆ ಶುರುವಾಯಿತು ನೋಡಿ. ಸೋದರತ್ತೆ ಜರಿಯನ್ನು ಉಗುರಿನಿಂದ ಕೆರೆದರು. ಸಾಗರದಲ್ಲಿ ಇದೇ ಸೀರೆ ಇನ್ನೂ ಕಡಿಮೆಗೆ ಸಿಗುತ್ತದೆ ಎಂದರು. ಸಾಗರದ್ದಕ್ಕೆ ಬಣ್ಣ ಹೋಗುತ್ತದೆ ಎಂದೆ. ನಿಮ್ಮದಕ್ಕೆ ಹೋಗಿದ್ದು ನಾವು ನೋಡಿಲ್ವಾ, ಹಿರಿ ಮಗಳ ಮದುವೆಯ ಹಸಿರು ಎರಡೇ ಒಗೆತಕ್ಕೆ ಬೂದಿಯಾಯಿತು ಎಂದರು. ಆ ಸೀರೆ ನಮ್ಮದಲ್ಲ, ನಮ್ಮಲ್ಲಿ ಆ ಹಸಿರು ಬಂದೇ ಇಲ್ಲ ಎಂದು ನಾನು ಎದ್ದು ನಿಂತೆ. ಅವರೂ ಎದ್ದು ನಿಂತರು. ಗಂಟು ಕಟ್ಟತೊಡಗಿದೆ. ಕಟ್ಟು ಕಟ್ಟು, ಯಾರು ಬೇಡ ಅಂದರು ಎಂದು ಅಜ್ಜಿ ಮಂಚದ ಮೇಲಿಂದಲೇ ಕೂಗಿದರು. ಬಾಗಿಲವರೆಗೆ ಹೋದೆ. ವಾಪಸು ಕರೆದರು. ಚಹಾ ಬಂತು. ಚಹಾ ಕುಡಿಯುತ್ತ ಜಗಳ ಮುಂದುವರಿಯಿತು. ಕಡುನೀಲಿಯನ್ನು ಇದರ ಜೊತೆಗೆ ಸೇರಿಸಿ ಒಂದು ರೇಟು ಮಾಡಿ ಎಂದು ಕೊನೆಗೆ ಸೋದರತ್ತೆ ಬಾಯಿ ಬಿಟ್ಟರು. ಅವರು ಒಂದು ಹೆಜ್ಜೆ ಏರಿದರು, ನಾನು ಎರಡು ಹೆಜ್ಜೆ ಇಳಿದೆ. ಅದರ ಹಿಂದೆಯೇ ನೆಂಟರಿಗೆ ಕೊಡುವ ಸೀರೆಗಳೂ ಒಂದೊಂದಾಗಿ ಹೋದವು. ಯಾವಾಗ ಮಧ್ಯಾಹ್ನದ ಬಸ್ಸು ಹೋಯಿತೋ ಗೊತ್ತಾಗಲಿಲ್ಲ. ಅಷ್ಟು ಹೊತ್ತು ನನಗೊಂದು ಮೂಗಿದೆ ಎನ್ನುವುದೇ ಮರೆತುಹೋಗಿತ್ತು.

ಸಂಜೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ಕಾಯುತ್ತಿದ್ದರು. ಎರಡು ಗಂಟು ಹೋಗಿ ಒಂದೇ ಬಂದದ್ದನ್ನು ಕಂಡು ಮುಖ ಅರಳಿತು. ದಾರಿಯಲ್ಲಿ ಯಾವುದು ಎಷ್ಟಕ್ಕೆ ಹೋಯಿತೆಂದು ಹೇಳಿದೆ. ನಡೆಯುತ್ತಿದ್ದವರು ನಿಂತರು.

"ಆ ಕಡುನೀಲಿ ಅಷ್ಟಕ್ಕೆ ಕೊಟ್ಟಿಯಾ? ತಲಿ ಕೆಟ್ಟೈತೇನ ನಿಂಗೆ?"

"ಕೆಟ್ಟಿಲ್ರಿ. ಎಂಟು ಸೀರೆ ಹಾಕಿ ತೆಗೆಸಿದ್ದಕ್ಕೆ ಅವರಿಗೆ ಕೂಲಿ ಬ್ಯಾಡೇನು?"

ಮನೆ ಮುಟ್ಟುವವರೆಗೂ ಬೈದರು. ಅಷ್ಟು ಮುತುವರ್ಜಿಯಿಂದ ಅವರು ನನ್ನನ್ನು ಬೈದು ಬಹಳ ದಿನವಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ನಾನು ಗಾದಿಯ ಮೇಲೆ ಕೂತೆ. ಯಜಮಾನರು ಒಂದು ಗಳಿಗೆ ನಿಂತು ನೋಡಿ, ಪಂಚೆಯ ಕಡೆ ಹೋದರು. ಹೋಗುವಾಗ ಕನ್ನಡಿಯನ್ನು ನನ್ನ ಎತ್ತರಕ್ಕೆ ಸರಿಯಾಗಿ ಬಗ್ಗಿಸಿದರು. ಮೊದಲ ಗಿರಾಕಿ ಒಬ್ಬ ಟೀಚರಮ್ಮ, ದಿನಾ ಉಡುವ ಎರಡು ಸೀರೆ ಬೇಕು ಎಂದರು. ನನ್ನ ಮೂಗು ನೋಡಿದರು, ಕಣ್ಣು ಇಳಿಸಿದರು. ಎರಡು ಆರಿಸಿದರು. ರೇಟು ಹೇಳಿದೆ. ಆಯ್ತು ಎಂದು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದರು.

ನಾನು ಸೀರೆಗಳ ಮೇಲೆ ಕೈಯಿಟ್ಟೆ. "ಇಷ್ಟು ಬೇಗ ಒಪ್ಪಬ್ಯಾಡ್ರಿ ಟೀಚರೇ. ಸ್ವಲ್ಪ ಕೇಳಿ ನೋಡ್ರಿ."

ಅವರು ಗಲಿಬಿಲಿಯಾದರು. ನನ್ನ ಮುಖವನ್ನು ನೇರವಾಗಿ ನೋಡಿದರು. ಆಮೇಲೆ ಜಿಪ್ಪಿನಿಂದ ಕೈ ತೆಗೆದು, ಮೆಲ್ಲಗೆ, ಏನಾದರೂ ಬಿಡುತ್ತೀರಾ ಎಂದು ಕೇಳಿದರು.

"ಇಲ್ರಿ, ಒಂದು ಪೈಸೆನೂ ಬರಂಗಿಲ್ಲ," ಎಂದೆ ನಾನು. ಅವರು ಚಪ್ಪಲಿ ಮೆಟ್ಟಲು ಎದ್ದರು.